ಮೈ ಆರಿದ ಮೇಲೆ

ಗರಡಿಮನೆಯ ಬಾಗಿಲು ಗಿಡ್ಡ. ಎಂಥ ಪೈಲ್ವಾನನೂ ತಲೆ ಬಗ್ಗಿಸಿಯೇ ಒಳಗೆ ಕಾಲಿಡಬೇಕು. ಕಂಪ್ಲಿಯ ಹಳೆ ಓಣಿಗಳಲ್ಲಿ ಇನ್ನೂ ನಸುಗತ್ತಲು. ತುಂಗಭದ್ರೆಯ ಕಡೆಯಿಂದ ಗದ್ದೆಯ ನೀರಿನ ತಂಪು ಹೊತ್ತ ಗಾಳಿ ಬರುತ್ತಿದೆ, ಎಲ್ಲೋ ಒಂದು ಚಹದಂಗಡಿಯ ಸ್ಟೋವ್ ಭುಸುಗುಡುತ್ತಿದೆ. ಚಪ್ಪಲಿ ಹೊರಗೆ ಬಿಟ್ಟು ನೀವೂ ಬನ್ನಿ. ಮೊದಲು ಎದುರಾಗುವುದು ವಾಸನೆ. ಎಣ್ಣೆ, ಮಜ್ಜಿಗೆ, ಅರಿಸಿನ, ನಿಂಬೆರಸ ಕುಡಿದು ಕುಡಿದು ಹದವಾದ ಕೆಮ್ಮಣ್ಣಿನ ವಾಸನೆ, ಅದರ ಮೇಲೆ ತಲೆಮಾರುಗಳ ಬೆವರು, ಗೂಡಿನಲ್ಲಿರುವ ಹನುಮಪ್ಪನ ಮುಂದೆ ಹಚ್ಚಿದ ಊದುಬತ್ತಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳುವ ಹೊತ್ತಿಗೆ ಕಿವಿ ಲೆಕ್ಕ ಹಿಡಿಯುತ್ತದೆ: ಬಸ್ಕಿ ಹೊಡೆಯುವವರ ಉಸಿರು, ದಂಡ ತೆಗೆಯುವವರ ಅಂಗೈ ನೆಲಕ್ಕೆ ಊರುವ ಸಪ್ಪಳ, ತೊಡೆ ತಟ್ಟಿದ ಸದ್ದು, ನಡುವೆ ನಡುವೆ ಉಸ್ತಾದರ ಒಂದೇ ಒಂದು ಗದರಿಕೆ.

ಮಟ್ಟಿಯ ಮೇಲೆ ಇಬ್ಬರು ಹುಡುಗರು ಒಬ್ಬರ ಕುತ್ತಿಗೆಗೆ ಒಬ್ಬರು ಕೈ ಕೊಟ್ಟು ಸುತ್ತುತ್ತಿದ್ದಾರೆ. ಒಬ್ಬ ಕಾಲಿಗೆ ಇಳಿಯುತ್ತಾನೆ, ಇನ್ನೊಬ್ಬ ಹಿಂದೆ ಜಿಗಿಯುತ್ತಾನೆ, ಮತ್ತೆ ಕೈಗೆ ಕೈ. ಒಂದು ಹಿಡಿತದಲ್ಲಿ ಎಳೆಯವನ ಕಿರುಬೆರಳು ಹೇಗೋ ಸಿಕ್ಕಿ ತಿರುಚುತ್ತದೆ. ನೋಡುವ ನಿಮಗೆ ಚುಳ್ಳೆನ್ನುತ್ತದೆ, ಅವನಿಗಲ್ಲ. ಅವನು ಅದೇ ಕೈಯಿಂದ ಎದುರಾಳಿಯ ಸೊಂಟ ಹಿಡಿದು ಎತ್ತಲು ನೋಡುತ್ತಾನೆ. ಪಟ್ಟುಗಳು ಮುಗಿದು, ಮೈಗೆ ಮಣ್ಣು ಹಚ್ಚಿಕೊಂಡು ಗೋಡೆಗೆ ಒರಗಿದಾಗಲೇ ಅವನು ಕೈಯನ್ನು ಮುಖದ ಹತ್ತಿರ ತಂದು ನೋಡಿಕೊಳ್ಳುವುದು.

"ಏನಲೇ, ಬೆರಳಿಗೇನಾತು?"

"ಗೊತ್ತಿಲ್ರೀ ಉಸ್ತಾದ್ರ. ಈಗ ನೋಡ್ಕೊಂಡೆ."

"ನೋಯ್ತೈತೇನು?"

"ಇಲ್ರೀ, ಅಷ್ಟೇನಿಲ್ಲ."

"ಮೈ ಆರ್ಲಿ ತಡಿ. ಆವಾಗ ಗೊತ್ತಾಕ್ಕೈತಿ."

ಮೈ ಬಿಸಿಯಿದ್ದಾಗ ಕಾಣದ ನೋವು ಮೈ ಆರಿದ ಮೇಲೆ ಬರುತ್ತದೆ ಎಂಬುದನ್ನು ಗರಡಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸಪೇಟೆಯ ಸಂತೆಯಲ್ಲಿ ಮೂಟೆ ಹೊರುವ ಹಮಾಲರಿಗೂ ಗೊತ್ತು, ಕಬ್ಬು ಕಡಿಯುವವರಿಗೂ ಗೊತ್ತು. ಆದರೆ ಆ ನಡುವಿನ ಹೊತ್ತಿನಲ್ಲಿ, ಬೆರಳು ತಿರುಚಿದ ಗಳಿಗೆಯಿಂದ ಅದು ಮಿಡಿಯತೊಡಗುವವರೆಗೆ, ನೋವು ಎಲ್ಲಿತ್ತು? ನನ್ನನ್ನು ಈ ಸೀಮೆಯ ಗರಡಿ, ಬಂಡೆ, ಮೈದಾನಗಳಿಗೆ ಎಳೆದು ತಂದದ್ದು ಈ ಪ್ರಶ್ನೆ.

ಉತ್ತರದ ಒಂದು ತುದಿಯನ್ನು ಇಲ್ಲಿನವರು ದಿನವೂ ನೋಡುವ ನೀರಿನಿಂದಲೇ ಹೇಳಬಹುದು. ಮೇಲೆ ಹೊಸಪೇಟೆಯ ಅಣೆಕಟ್ಟಿಗೆ 33 ಗೇಟುಗಳು. ಒಳಹರಿವು ಎಷ್ಟೇ ಇರಲಿ, ಕಂಪ್ಲಿ ಸೇತುವೆ ಮುಳುಗುತ್ತದೋ ಇಲ್ಲವೋ ಎಂಬುದನ್ನು ಹೇಳುವುದು ಆ ಗೇಟುಗಳು. 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ನೋವಿನ ಬಗ್ಗೆ ಹೇಳಿದ್ದು ಹೆಚ್ಚುಕಡಿಮೆ ಇದನ್ನೇ: ಗಾಯದಿಂದ ಹೊರಟ ಸುದ್ದಿ ನೇರವಾಗಿ ಮಿದುಳಿಗೆ ಹೋಗಿ ಬಡಿಯುವುದಿಲ್ಲ, ಬೆನ್ನುಹುರಿಯಲ್ಲಿ ಒಂದು ಗೇಟು ಇದೆ, ಅದನ್ನು ಎಷ್ಟು ಎತ್ತಬೇಕು ಎಷ್ಟು ಇಳಿಸಬೇಕು ಎಂಬ ಆಜ್ಞೆ ಮಿದುಳಿನಿಂದಲೂ ಕೆಳಗೆ ಬರುತ್ತದೆ. ಆ ಸಿದ್ಧಾಂತದ ವಿವರಗಳನ್ನು ಮುಂದೆ ಬಂದವರು ಬಹಳಷ್ಟು ತಿದ್ದಿದರು. ಮೇಲಿನಿಂದ ಆಜ್ಞೆ ಬರುತ್ತದೆ ಎಂಬ ಮಾತು ಉಳಿಯಿತು. ಮೈ ದುಡಿಯುವಾಗ ಆ ಆಜ್ಞೆ ಬಿಗಿಯಾಗುತ್ತದೆ. 1979ರಲ್ಲೇ ಆಸ್ಟ್ರೇಲಿಯಾದ ವೈದ್ಯಕೀಯ ಪತ್ರಿಕೆಯೊಂದು ದೂರದ ಓಟಗಾರನಿಗೆ ಓಡಿದ ಮೇಲೆ ನೋವು ಕಡಿಮೆಯಾಗುವುದನ್ನು ಬರೆದಿತ್ತು. 2008ರಲ್ಲಿ ಜರ್ಮನಿಯ ವಿಜ್ಞಾನಿಗಳು 10 ಮಂದಿ ಓಟಗಾರರನ್ನು 2 ಗಂಟೆ ಓಡಿಸಿ, ಓಟದ ಮೊದಲು ಮತ್ತು ನಂತರ ಅವರ ಮಿದುಳಿನ ಚಿತ್ರ ತೆಗೆದು, ಅಫೀಮಿನ ಜಾತಿಯ ವಸ್ತುಗಳನ್ನು ಮಿದುಳೇ ತನ್ನೊಳಗೆ ಬಿಡುಗಡೆ ಮಾಡಿಕೊಳ್ಳುವುದನ್ನು ತೋರಿಸಿದರು. ಎಂಡಾರ್ಫಿನ್ ಎಂದು ಎಲ್ಲರೂ ಹೇಳುವುದು ಇದನ್ನೇ. ಅದೊಂದೇ ಅಲ್ಲ, ಗಾಂಜಾದ ಸತ್ವವನ್ನು ಹೋಲುವ ವಸ್ತುಗಳನ್ನೂ ಓಡಿದ ಮೈ ತಾನೇ ತಯಾರಿಸುತ್ತದೆ. ಓಟ ಮುಗಿದ ಮೇಲಿನ ಆ ಹಗುರ, ಆ ನೆಮ್ಮದಿ ಅದರ ಕೊಡುಗೆ ಎನ್ನುವವರ ಕೈ ಈಚೆಗೆ ಮೇಲಾಗುತ್ತಿದೆ.

ಇಷ್ಟಾದರೂ ಬೆವರಿನ ಕಥೆ ಅರ್ಧವೇ. ಉಳಿದರ್ಧ ಕಾಣಬೇಕಾದರೆ ಜನ ಸೇರಿದ ಕಡೆ ಹೋಗಬೇಕು.

ಹಂಪಿ ಉತ್ಸವದ ದಿನಗಳಲ್ಲಿ ಗ್ರಾಮೀಣ ಕ್ರೀಡೆಗಳ ಬಯಲಿಗೆ ಬನ್ನಿ. ಒಂದು ಬದಿಗೆ ಕಲ್ಲುಗುಂಡು ಎತ್ತುವವರು. ಎಣ್ಣೆ ಮೆತ್ತಿದಂತೆ ನುಣ್ಣಗಿರುವ ಗುಂಡನ್ನು ತೊಡೆಗೆ ತಂದು, ತೊಡೆಯಿಂದ ಎದೆಗೆ ಹೊರಳಿಸಿ, ಎದೆಯಿಂದ ಹೆಗಲಿಗೆ ಏರಿಸುವಾಗ ಮುಂಗೈಯ ಒಳಚರ್ಮ ಕೆಂಪಾಗಿ ತರಚುತ್ತದೆ. ಇನ್ನೊಂದು ಬದಿಗೆ ಬಂಡಿಯ ಗಾಲಿ ಕಳಚಿ ಮತ್ತೆ ಜೋಡಿಸುವವರ ಕೂಗಾಟ. ನಡುವೆ ಕುಸ್ತಿಯ ಕಣ. ಹಲಗೆಯ ಬಡಿತ ಎದೆಗೂಡಿನೊಳಗೇ ಆಗುತ್ತಿರುವಂತೆ ಕೇಳಿಸುತ್ತದೆ. ಮುಂದಿನ ಸಾಲಿನವರು ಕುಂತಿದ್ದಾರೆ, ಹಿಂದಿನವರು ಟ್ರ್ಯಾಕ್ಟರ್ ಮೇಲೆ ನಿಂತಿದ್ದಾರೆ, ಮಂಡಕ್ಕಿ ಮಿರ್ಚಿಯ ಪೊಟ್ಟಣ ಕೈಯಿಂದ ಕೈಗೆ ಹೋಗುತ್ತಿದೆ. ಪೈಲ್ವಾನನ ಹುಬ್ಬು ಸೀಳಿ ರಕ್ತ ಇಳಿದರೆ ಅದನ್ನು ಒರೆಸಬೇಕೆನ್ನುವುದು ರೆಫರಿಗೆ ಹೊಳೆಯಬೇಕೇ ಹೊರತು ಅವನಿಗಲ್ಲ.

ಈ ನೆಲದಲ್ಲಿ ಇದು ಹೊಸದೂ ಅಲ್ಲ. ಮಹಾನವಮಿ ದಿಬ್ಬದ ಪಟ್ಟಿಕೆಗಳಲ್ಲಿ ಜಟ್ಟಿಗಳು ಕಲ್ಲಿನಲ್ಲಿ ಇನ್ನೂ ಸೆಣಸುತ್ತಲೇ ಇದ್ದಾರೆ. 1520ರ ಸುಮಾರಿಗೆ ಇಲ್ಲಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಮಹಾನವಮಿಯ ಕುಸ್ತಿ ಕಂಡು ಬೆರಗಾಗಿ ಬರೆದ: ಹಲ್ಲು ಮುರಿಯುವಂಥ, ಕಣ್ಣು ಹೋಗುವಂಥ ಪೆಟ್ಟುಗಳು, ಮಾತು ನಿಂತವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರು ಎಂದು. ಅರಸ ಕೃಷ್ಣದೇವರಾಯನ ಬೆಳಗನ್ನೂ ಅವನೇ ಬಣ್ಣಿಸಿದ್ದಾನೆ. ಬೆಳಕು ಹರಿಯುವ ಮೊದಲೇ ಎಳ್ಳೆಣ್ಣೆ ಕುಡಿದು, ಮೈತುಂಬ ಅದನ್ನೇ ಹಚ್ಚಿಸಿಕೊಂಡು, ಮಣ್ಣಿನ ದೊಡ್ಡ ದೊಡ್ಡ ಭಾರಗಳನ್ನು ತೋಳಲ್ಲಿ ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಹೋಗುವವರೆಗೆ ಕತ್ತಿ ಬೀಸಿ, ಆಮೇಲೆ ತನ್ನ ಜಟ್ಟಿಯೊಬ್ಬನೊಡನೆ ಕುಸ್ತಿ ಹಿಡಿದು, ಕುದುರೆ ಏರಿ ಬಯಲಲ್ಲಿ ಓಡಿಸುತ್ತಿದ್ದನಂತೆ. ಅರಸನಾದವನಿಗೂ ತಾಲೀಮು ಇಷ್ಟು ಕಠಿಣವಾಗಿತ್ತು ಎಂಬುದು ನನಗೆ ಅಂದಿನ ಎಷ್ಟೋ ವೈಭವದ ವರ್ಣನೆಗಳಿಗಿಂತ ಹತ್ತಿರದ್ದು ಅನಿಸುತ್ತದೆ.

ಕಣದ ಕಾವಿಗೆ ಬೆವರಿಗಿಂತ ಬೇರೆಯದೇ ಆದ ಶಕ್ತಿ ಇದೆಯೇ ಎಂದು ಕೇಳಿದವರು ಅಮೆರಿಕದ ವೆಂಡಿ ಸ್ಟರ್ನ್‌ಬರ್ಗ್ ಮತ್ತು ಅವರ ಜತೆಗಾರರು. ಕಾಲೇಜಿನ ಓಟಗಾರರು, ಬ್ಯಾಸ್ಕೆಟ್‌ಬಾಲ್ ಆಟಗಾರರು, ಕತ್ತಿವರಸೆಯವರನ್ನು ಅವರು ಮೂರು ಸಲ ಪರೀಕ್ಷಿಸಿದರು: ಪಂದ್ಯಕ್ಕೆ 2 ದಿನ ಮೊದಲು, ಪಂದ್ಯ ಮುಗಿದ ಕೂಡಲೇ, ಪಂದ್ಯವಾಗಿ 2 ದಿನದ ಮೇಲೆ. ಪರೀಕ್ಷೆಗಳಲ್ಲೊಂದು ಸರಳ, ಮನೆಯಲ್ಲೂ ಕಲ್ಪಿಸಿಕೊಳ್ಳಬಹುದಾದದ್ದು. ಮಂಜುಗಡ್ಡೆ ಹಾಕಿದ ನೀರಿನಲ್ಲಿ ಕೈ ಇಳಿಸಬೇಕು. ಮೊದಲು ತಂಪು, ಕ್ಷಣ ಕಳೆದರೆ ಉರಿ, ಆಮೇಲೆ ಎಲುಬಿನೊಳಗಿನಿಂದ ಹಿಂಡುವ ನೋವು. ಅದೆಷ್ಟು ನೋಯುತ್ತಿದೆ ಎಂದು ಅಂಕೆಯಲ್ಲಿ ಹೇಳಬೇಕು. 1998ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಪಂದ್ಯ ಮುಗಿಸಿ ಬಂದ ಕೈಗೆ ಅದೇ ನೀರು ಕಡಿಮೆ ನೋಯಿಸಿತ್ತು. ಅವರು ಅಲ್ಲಿಗೇ ಬಿಡಲಿಲ್ಲ. 2001ರ ಇನ್ನೊಂದು ಅಧ್ಯಯನದಲ್ಲಿ ಬೆವರನ್ನೂ ಪೈಪೋಟಿಯನ್ನೂ ಬೇರೆ ಬೇರೆ ಮಾಡಿದರು. ಕೆಲವರಿಗೆ ಎದುರಾಳಿಯಿಲ್ಲದ ಟ್ರೆಡ್‌ಮಿಲ್ ಓಟ, ಕೆಲವರಿಗೆ ಕುರ್ಚಿಯಲ್ಲಿ ಕೂತು ಆಡುವ ವಿಡಿಯೊ ಗೇಮ್ ಪೈಪೋಟಿ. ಗಂಡುಮಕ್ಕಳಿಗೆ ಕೂತಲ್ಲೇ ಆಡಿದ ಪೈಪೋಟಿಯೇ ನೋವು ತಗ್ಗಿಸಿತು, ಹೆಣ್ಣುಮಕ್ಕಳಿಗೆ ತಗ್ಗಿಸಿದ್ದು ಓಟ. ನಿಜವಾದ ಪಂದ್ಯ ಇಬ್ಬರಿಗೂ ತಗ್ಗಿಸಿತು. ಮೈ ಅಲುಗಾಡದೆಯೂ ನೋವು ಇಳಿಯುತ್ತದೆ ಎಂದಮೇಲೆ, ಹಲಗೆಯ ಸದ್ದು, ಸೀಟಿ, ತನ್ನೂರಿನ ಹೆಸರು ಹಿಡಿದು ಕೂಗುವ ಜನ, ಇವೆಲ್ಲ ಹುಬ್ಬು ಸೀಳಿದವನಿಗೆ ಔಷಧವೇ ಆಗಿದ್ದವು ಎಂದು ನಾನು ನಂಬುತ್ತೇನೆ.

ಇನ್ನು ಮನಸ್ಸಿನ ದುಡಿಮೆ. ಅದನ್ನು ನೋಡಲು ಹಂಪಿಯ ಬಂಡೆಗಳಿಗಿಂತ ಒಳ್ಳೆಯ ಜಾಗ ಇಲ್ಲ. ಅಮೆರಿಕದ ಹೆಸರಾಂತ ಆರೋಹಿ ಕ್ರಿಸ್ ಶರ್ಮಾ ಮತ್ತು ಗೆಳೆಯರು ಇಲ್ಲಿ ಬಂಡೆ ಹತ್ತಿದ್ದನ್ನು 'ಪಿಲ್‌ಗ್ರಿಮೇಜ್' ಎಂಬ ಚಿತ್ರ 2003ರಲ್ಲಿ ಜಗತ್ತಿಗೆ ತೋರಿಸಿತು. ಅಲ್ಲಿಂದ ಈಚೆಗೆ ಚಳಿಗಾಲ ಬಂತೆಂದರೆ ನದಿಯಾಚೆಯ ಆನೆಗೊಂದಿ ಕಡೆಯ ಗದ್ದೆಬದುಗಳಲ್ಲಿ ಬೆನ್ನ ಮೇಲೆ ದಪ್ಪ ಹಾಸು ಹೊತ್ತ ಹುಡುಗ ಹುಡುಗಿಯರು ಸಾಲುಗಟ್ಟಿ ನಡೆಯುವುದು ಮಾಮೂಲು. ಎದುರಿಗೆ ಅಂಜನಾದ್ರಿಯ 575 ಮೆಟ್ಟಿಲು ಹತ್ತುವ ಭಕ್ತರ ಸಾಲು, ಈಚೆ ಬಂಡೆಗೆ ಅಂಟಿಕೊಂಡ ಇವರು. ಗ್ರಾನೈಟ್ ಬೆರಳಿನ ಚರ್ಮಕ್ಕೆ ಕರುಣೆ ತೋರುವುದಿಲ್ಲ. ಒಬ್ಬ ಹುಡುಗಿಯ ಕೈ ಹತ್ತಿರದಿಂದ ನೋಡಿ: ತುದಿಬೆರಳುಗಳು ಗುಲಾಬಿ ಬಣ್ಣಕ್ಕೆ ತಿರುಗಿ ಹೊಳೆಯುತ್ತಿವೆ, ನಡುಬೆರಳಿನ ಗೆಣ್ಣಿನಲ್ಲಿ ಸೀಳು, ಸೀಳಿನೊಳಗೆ ಬಿಳಿ ಚಾಕ್ ಪುಡಿ ಕೂತಿದೆ, ಸುತ್ತ ಟೇಪು. ಅವಳು ಬಂಡೆಯ ಕೆಳಗೆ ನಿಂತು ಗಾಳಿಯಲ್ಲೇ ಕೈಯಾಡಿಸುತ್ತ ಎಡಗೈ ಎಲ್ಲಿ, ಬಲಗಾಲು ಎಲ್ಲಿ, ಸೊಂಟ ಎತ್ತ ತಿರುಗಬೇಕು ಎಂದು ಲೆಕ್ಕ ಹಾಕುತ್ತಾಳೆ. ಹತ್ತತೊಡಗಿದ ಮೇಲೆ ಆ ಲೆಕ್ಕ ಬಿಟ್ಟು ಅವಳಿಗೆ ಬೇರೇನೂ ಇಲ್ಲ. ಸೀಳಿದ ಬೆರಳನ್ನೇ ಬಿರುಕಿಗೆ ಒತ್ತಿ ಇಡೀ ಮೈಯನ್ನು ಅದಕ್ಕೆ ತೂಗುಹಾಕುತ್ತಾಳೆ.

ಗಮನ ಬೇರೆ ಕಡೆ ಇದ್ದಾಗ ನೋವು ತಿಳಿಯದು ಎನ್ನುವುದು ಅಜ್ಜಿಯರೂ ಬಲ್ಲ ಮಾತು; ಮಗುವಿಗೆ ಸೂಜಿ ಚುಚ್ಚುವಾಗ ಕಾಗೆ ತೋರಿಸುವುದು ಅದಕ್ಕೇ ತಾನೆ. ಆದರೆ ಇದು ಬರೀ ಮರೆವಲ್ಲ ಎಂದು ತೋರಿಸಿದ್ದು 2012ರಲ್ಲಿ ಹ್ಯಾಂಬರ್ಗ್‌ನಲ್ಲಿ ನಡೆದ ಒಂದು ಪ್ರಯೋಗ. ತೋಳಿಗೆ ಬಿಸಿ ಮುಟ್ಟಿಸುತ್ತ, ನೆನಪಿಗೆ ಕೆಲಸ ಕೊಡುವ ಪರೀಕ್ಷೆಯೊಂದನ್ನು ಸುಲಭವಾಗಿಯೂ ಕಠಿಣವಾಗಿಯೂ ಮಾಡಿಸಿದರು. ಪರೀಕ್ಷೆ ಕಠಿಣವಾದಾಗ ನೋವು ಕಡಿಮೆ ಅನಿಸಿತು, ಅಷ್ಟೇ ಅಲ್ಲ, ಸುದ್ದಿ ಮಿದುಳಿಗೆ ಏರುವ ಮೊದಲೇ, ಬೆನ್ನುಹುರಿಯಲ್ಲೇ ಅದರ ಸದ್ದು ಅಡಗಿತ್ತು. ಎಂಡಾರ್ಫಿನ್‌ಗಳ ಕೆಲಸಕ್ಕೆ ಅಡ್ಡ ಬರುವ ನಲಾಕ್ಸೋನ್ ಎಂಬ ಔಷಧ ಕೊಟ್ಟಾಗ ಆ ಲಾಭ ಸುಮಾರು 40 ಪ್ರತಿಶತ ಕಳೆದುಹೋಯಿತು. ಎಂದರೆ ಯೋಚನೆಯೂ ಬೆವರಿನ ದಾರಿಯಲ್ಲೇ ಒಂದಿಷ್ಟು ದೂರ ನಡೆಯುತ್ತದೆ. ಬಂಡೆಯ ಮೇಲಿನ ಹುಡುಗಿಗೆ ಎರಡೂ ಒಟ್ಟಿಗೆ ಸಿಕ್ಕಿವೆ.

ಅದೇ ಮನಸ್ಸಿನ ದುಡಿಮೆ ಹೊತ್ತು ತಪ್ಪಿದರೆ ಮಾತ್ರ ತಿರುಗಿ ಬೀಳುತ್ತದೆ. ಬ್ರಿಟನ್ನಿನ ವೇಲ್ಸ್‌ನಲ್ಲಿ ಸಾಮುಯೆಲೆ ಮಾರ್ಕೊರಾ ತಂಡ 2009ರಲ್ಲಿ 16 ಮಂದಿಯನ್ನು ಸೈಕಲ್ ಹತ್ತಿಸುವ ಮೊದಲು 90 ನಿಮಿಷ ಕಂಪ್ಯೂಟರಿನ ಮುಂದೆ, ಗಮನ ಕದಲಿಸುವಂತಿಲ್ಲದ ಒಂದು ಕೆಲಸಕ್ಕೆ ಕೂರಿಸಿತು. ಬೇರೊಂದು ದಿನ ಅವರೇ ಅಷ್ಟು ಹೊತ್ತು ಸಾಕ್ಷ್ಯಚಿತ್ರ ನೋಡಿ ಸೈಕಲ್ ಹತ್ತಿದರು. ಸಾಕ್ಷ್ಯಚಿತ್ರ ನೋಡಿದ ದಿನ ಸರಾಸರಿ 754 ಸೆಕೆಂಡು ತುಳಿದವರು, ತಲೆ ದಣಿದ ದಿನ 640 ಸೆಕೆಂಡಿಗೇ ಸೋತರು. ಹೃದಯ ಅಷ್ಟೇ ಬಲವಾಗಿತ್ತು, ಸ್ನಾಯು ಅಷ್ಟೇ ಬಲವಾಗಿತ್ತು. ತುಳಿಯುವುದು ಮಾತ್ರ ಹೆಚ್ಚು ಭಾರ ಅನಿಸಿತ್ತು. ಪರೀಕ್ಷೆಯ ಓದು ಮುಗಿಸಿ ರಾತ್ರಿ ಮೈದಾನಕ್ಕೆ ಬರುವ ಮಕ್ಕಳಿಗೆ "ಇವತ್ತು ಯಾಕೋ ಮೈ ಎತ್ತಕ್ಕಾಗವಲ್ದು" ಅನಿಸಿದರೆ ಅದು ಸೋಮಾರಿತನವಲ್ಲ. ಇದನ್ನು ಕೋಚುಗಳು, ತಂದೆತಾಯಿಗಳು ತಿಳಿಯಲೇಬೇಕು.

ಹೊಸಪೇಟೆಯಿಂದ ಬಳ್ಳಾರಿ ರಸ್ತೆ ಹಿಡಿದರೆ ಗದ್ದೆಯ ಹಸಿರು ಬಿಟ್ಟು ಕೆಂಪು ಶುರು. ಸಂಡೂರಿನ ಬೆಟ್ಟಸಾಲು ಬಲಕ್ಕೆ, ಬೇವಿನೆಲೆಯ ಮೇಲೆ ಅದಿರಿನ ಧೂಳು, ಲಾರಿಗಳ ಸಾಲು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಚಿಮಣಿಗಳು. ಸಂಡೂರು ತಾಲ್ಲೂಕಿನ ಈ ಧೂಳಿನ ನಡುವೆ ಜೆಎಸ್‌ಡಬ್ಲ್ಯು ನಗರವಸತಿಯ ಪಕ್ಕದಲ್ಲಿ, 42 ಎಕರೆಯ ಆವರಣದಲ್ಲಿ 2018ರಲ್ಲಿ ಶುರುವಾದದ್ದು ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್. ಕುಸ್ತಿ, ಬಾಕ್ಸಿಂಗ್, ಜೂಡೊ, ಅಥ್ಲೆಟಿಕ್ಸ್, ಈಜು. ದೇಶದ ಎಲ್ಲ ಮೂಲೆಗಳಿಂದ ಬಂದ ಮಕ್ಕಳು ಇಲ್ಲಿ ಉಳಿದು ತರಬೇತಿ ಪಡೆಯುತ್ತಾರೆ. ಗರಡಿಯ ಕೆಮ್ಮಣ್ಣಿನ ಬದಲು ಇಲ್ಲಿ ಮ್ಯಾಟು, ಲೋಡು ಗದೆಗಳ ಬದಲು ಕಬ್ಬಿಣದ ತೂಕ. ಬೆವರು ಅದೇ.

ಇಂಥ ಮಕ್ಕಳಿಗೆ ನೋವೇ ಆಗುವುದಿಲ್ಲವೇನೋ ಎಂದು ಹೊರಗಿನವರು ತಿಳಿಯುತ್ತಾರೆ. ತಪ್ಪು. ಜರ್ಮನಿಯ ಸಂಶೋಧಕರು 2012ರಲ್ಲಿ 15 ಅಧ್ಯಯನಗಳನ್ನು, 568 ಕ್ರೀಡಾಪಟುಗಳನ್ನು 331 ಸಾಮಾನ್ಯರನ್ನು ಒಟ್ಟಿಗೆ ಇಟ್ಟು ತೂಗಿದರು. ನೋವು ಶುರುವಾಗುವ ಬಿಂದುವಿನಲ್ಲಿ ಇಬ್ಬರ ನಡುವಿನ ಅಂತರ ಅಷ್ಟು ಖಚಿತವಿರಲಿಲ್ಲ. ಸಾಕಪ್ಪಾ ಎಂದು ಕೈ ಹಿಂದೆ ತೆಗೆಯುವ ಬಿಂದು ಮಾತ್ರ ಕ್ರೀಡಾಪಟುಗಳಲ್ಲಿ ದೂರ ಇತ್ತು. ಹುಟ್ಟಿನಿಂದ ಗಟ್ಟಿಯಾದವರೇ ಆಟಕ್ಕೆ ಬರುತ್ತಾರೆಯೋ, ಆಟ ಗಟ್ಟಿ ಮಾಡುತ್ತದೆಯೋ? ಸಿಡ್ನಿಯಲ್ಲಿ ಆಟದ ಹಿನ್ನೆಲೆಯಿಲ್ಲದ ಆರೋಗ್ಯವಂತರಿಗೆ ವಾರಕ್ಕೆ 3 ದಿನ, ದಿನಕ್ಕೆ ಅರ್ಧ ಗಂಟೆಯಂತೆ 6 ವಾರ ಸೈಕಲ್ ತುಳಿಸಿ ನೋಡಿದರು. ನೋವು ಶುರುವಾಗುವ ಬಿಂದು ಇದ್ದಲ್ಲೇ ಇತ್ತು. ತಡೆದುಕೊಳ್ಳುವ ಹೊತ್ತು ಬೆಳೆಯಿತು. ನನಗೆ ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದು. ತಾಲೀಮು ಯಾರನ್ನೂ ಕಲ್ಲು ಮಾಡುವುದಿಲ್ಲ. ಅವರಿಗೂ ನಮ್ಮಷ್ಟೇ ಬೇಗ ನೋಯುತ್ತದೆ. ನೋಯುತ್ತಿರುವಾಗಲೇ ಇನ್ನಷ್ಟು ಹೊತ್ತು ಅದರ ಜತೆ ಇರುವುದನ್ನು ಅವರು ಕಲಿತಿರುತ್ತಾರೆ, ದಿನವೂ ಕಲಿತಿರುತ್ತಾರೆ.

ಜತೆಯವರು ಇದ್ದರೆ ಆ ಕಲಿಕೆ ಹಗುರ. ಆಕ್ಸ್‌ಫರ್ಡ್‌ನ 12 ಮಂದಿ ದೋಣಿ ಹುಟ್ಟುಗಾರರು 45 ನಿಮಿಷ ಒಬ್ಬೊಬ್ಬರೇ ಹುಟ್ಟು ಹಾಕಿದ್ದಕ್ಕಿಂತ ಎಲ್ಲರೂ ಸೇರಿ ಒಂದೇ ಲಯದಲ್ಲಿ ಹಾಕಿದಾಗ ಅವರಿಗೆ ನೋವು ಶುರುವಾಗಲು ಹೆಚ್ಚು ಒತ್ತಡ ಬೇಕಾಯಿತು ಎಂದು ಅಲ್ಲಿನ ಸಂಶೋಧಕರು 2010ರಲ್ಲಿ ಬರೆದರು. ದುಡಿತ ಎರಡೂ ಸಲ ಅಷ್ಟೇ. ಓದುವಾಗ ನನ್ನ ಕಣ್ಣ ಮುಂದೆ ಬಂದದ್ದು ಆಕ್ಸ್‌ಫರ್ಡ್ ಅಲ್ಲ, ಕಂಪ್ಲಿಯ ನಾಟಿ ಗದ್ದೆ. ಮೊಣಕಾಲುದ್ದ ಕೆಸರಿನಲ್ಲಿ ನಿಂತು, ಸೊಂಟ ಬಗ್ಗಿಸಿ, ಒಟ್ಟಿಗೆ ಹಿಂದೆ ಹೆಜ್ಜೆ ಇಡುತ್ತ, ಒಟ್ಟಿಗೆ ಪದ ಹೇಳುತ್ತ ಸಸಿ ಊರುವ ಹೆಂಗಸರು. ಅವರನ್ನು ಯಾರೂ ಕ್ರೀಡಾಪಟುಗಳೆಂದು ಕರೆಯುವುದಿಲ್ಲ.

ತೋರಣಗಲ್ಲಿನ ಆವರಣವನ್ನು ತಮ್ಮ ತರಬೇತಿಯ ನೆಲೆಗಳಲ್ಲೊಂದಾಗಿ ಮಾಡಿಕೊಂಡವರಲ್ಲಿ ಜಾವೆಲಿನ್ ಎಸೆತಗಾರ ನೀರಜ್ ಚೋಪ್ರಾ ಕೂಡ ಒಬ್ಬರು. 2019ರ ಮೇ ತಿಂಗಳಲ್ಲಿ ಅವರ ಬಲಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು. ಜಾವೆಲಿನ್ ಎಸೆಯುವವನ ಮೊಣಕೈ ಎಸೆತದ ಗಳಿಗೆಯಲ್ಲಿ ಹೊರುವ ಒತ್ತಡ ಭೀಕರವಾದದ್ದು. ಕ್ರೀಡಾಂಗಣದ ಗದ್ದಲ, ಓಡಿಬರುವ ವೇಗ, ಮೈಯ ಕಾವು ಎಲ್ಲ ಸೇರಿ ಅದರ ಕೂಗನ್ನು ಎಷ್ಟೋ ಸಲ ಅಡಗಿಸಿಬಿಡುತ್ತವೆ. ಆ ವರ್ಷ ಅವರು ಎಸೆಯಲಿಲ್ಲ ಎಂದೇ ಹೇಳಬಹುದು. 2020ರ ಜನವರಿ 28ರಂದು ದಕ್ಷಿಣ ಆಫ್ರಿಕಾದ ಪೊಚೆಫ್‌ಸ್ಟ್ರೂಮ್‌ನಲ್ಲಿ 87.86 ಮೀಟರ್ ಎಸೆದು ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹರಾದರು. ಎಸೆಯದೆ ಉಳಿದ ಆ ತಿಂಗಳುಗಳು ಎಸೆದ ದಿನದಷ್ಟೇ ದೊಡ್ಡವು ಎಂದು ನಾನು ತಿಳಿಯುತ್ತೇನೆ.

ಏಕೆಂದರೆ ಕಾವು ನೋವನ್ನು ತಗ್ಗಿಸುತ್ತದೆ, ಗಾಯವನ್ನಲ್ಲ. ಹರಿದ ಸ್ನಾಯು ಹಲಗೆಯ ಸದ್ದಿಗೆ ಕೂಡಿಕೊಳ್ಳುವುದಿಲ್ಲ. ಅದಕ್ಕೇ ಅನುಭವಿ ಫಿಸಿಯೋಗಳು ಪಂದ್ಯ ಮುಗಿಸಿ ಬಂದವರು ಆ ಗಳಿಗೆಯಲ್ಲಿ ಹೇಳುವ ಅಂಕೆಯನ್ನು ಪೂರ್ತಿ ನಂಬುವುದಿಲ್ಲ. ಸೊನ್ನೆಯಿಂದ ಹತ್ತರಲ್ಲಿ ನೋವೆಷ್ಟು ಎಂದರೆ ಮೈ ಬಿಸಿಯಿರುವಾಗ ಬರುವ ಉತ್ತರ ಎರಡು. ಆಯ್ಕೆ ಪಂದ್ಯ ಹತ್ತಿರವಿದ್ದರೆ ಎಲ್ಲರದೂ ಎರಡೇ. ಅವರು ಅದನ್ನು ಬರೆದುಕೊಂಡು, ಸಂಜೆ ಊಟಕ್ಕೆ ಮೊದಲು ಮತ್ತೆ ಕೇಳುತ್ತಾರೆ. ಮಾರನೆಯ ಬೆಳಗ್ಗೆ, ಹಾಸಿಗೆಯಿಂದ ಎದ್ದು ಮೊದಲ ಮೆಟ್ಟಿಲು ಇಳಿಯುವಾಗ ಹೇಗಿತ್ತು ಎಂದು ಮೂರನೆಯ ಸಲ ಕೇಳುತ್ತಾರೆ. ಮೂರನೆಯ ಅಂಕೆ ಆರೋ ಏಳೋ ಆಗಿದ್ದರೆ ಆ ವಾರ ಮ್ಯಾಟಿಗೆ ಇಳಿಯುವ ಹಾಗಿಲ್ಲ. ಕುಸ್ತಿಯ ಹುಡುಗಿಯೊಬ್ಬಳು ಅಳುತ್ತಾಳೆ, ವಾದ ಮಾಡುತ್ತಾಳೆ, "ನೆನ್ನೆ ಏನೂ ಇರಲಿಲ್ಲ ಸರ್" ಎನ್ನುತ್ತಾಳೆ. ಅವಳು ಸುಳ್ಳು ಹೇಳುತ್ತಿಲ್ಲ. ಅದು ಗೊತ್ತಿರುವುದರಿಂದಲೇ ಅವರು ಗದರಿಸದೆ, ಮೊಣಕಾಲಿನ ಪಟ್ಟಿ ಬಿಚ್ಚಿ, ಈಜುಕೊಳದಲ್ಲಿ ಯಾವ ವ್ಯಾಯಾಮ ಎಷ್ಟು ಸಲ ಎಂದು ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತಾರೆ.